ಕರೆದರೆ ಓ ಅನ್ನುವ ನಾಯಿ

ಜೂನ್ 3, ಸೋಮವಾರ. ಬೆಳಿಗ್ಗೆ 11

ಹಾಲು ಕಾಯಿಸಿಟ್ಟೆ. ಮೊಮ್ಮಗಳ ಯೂನಿಫಾರಂ ಒಗೆದು ಬಾಲ್ಕನಿಯ ಹಗ್ಗಕ್ಕೆ ಹಾಕಿದೆ. ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದೆ — ಯಾರೋ ಬಾಗಿಲು ಬಡಿದರು.

ಕೆಳಗಿನ ಮನೆಯವನು. ಆಸ್ಪತ್ರೆಯ ಆಂಬ್ಯುಲೆನ್ಸ್ ಡ್ರೈವರ್, ರಾತ್ರಿ ಪಾಳಿ. ಬೆಳಿಗ್ಗೆ ಬಂದು ಮಲಗಿದರೆ ಸಂಜೆ ನಾಲ್ಕರವರೆಗೆ ಅವನ ನಿದ್ದೆ. ಕಣ್ಣು ಕೆಂಡ, ಬನಿಯನ್ನು ತಿರುವುಮುರುವು. ಜಗಳಕ್ಕೆ ಬಂದವನಿಗೆ ಜಗಳವಾಡುವ ತ್ರಾಣವೂ ಇರಲಿಲ್ಲ. ಗೋಡೆಗೆ ಒರಗಿ ನಿಂತು ಹೇಳಿದ. ನಿಮ್ಮ ನಾಯಿ ಗಂಟೆಗೆ ಹತ್ತು ಸಲ ಬೊಗಳುತ್ತದೆ, ಅದೂ ಒಂದೊಂದೇ ಸಲ. ಒಂದೇ ಸಮನೆ ಬೊಗಳಿದ್ದರೆ ಕಿವಿ ಒಗ್ಗಿಕೊಳ್ಳುತ್ತಿತ್ತು. ಕಣ್ಣು ಹತ್ತಿತು ಅನ್ನುವಷ್ಟರಲ್ಲಿ ಇನ್ನೊಂದು. ಮೊನ್ನೆ ಗಾಡಿ ಓಡಿಸುತ್ತಲೇ ಕಣ್ಣು ಮುಚ್ಚಿತಂತೆ. ಹಿಂದೆ ಸ್ಟ್ರೆಚರ್ ಮೇಲೆ ಒಬ್ಬ ಹೆಂಗಸು ಇದ್ದಳಂತೆ. ಮನೆ ಮಾಲೀಕರಿಗೆ ಹೇಳಿಯಾಗಿದೆ ಎಂದ.

ನಾಯಿ ಬೊಗಳದೆ ಹಾಡುತ್ತದೇನಪ್ಪ, ಎಂದೆ. ಅವನು ಇಳಿದು ಹೋದ. ಆಮೇಲೆ ನಾಲಿಗೆ ಕಚ್ಚಿಕೊಂಡೆ.

ಬೊಗಳಿಸುವವಳು ನಾನೇ.

ಸಂಜೆ 4

ನಾಯಿಗೆ ಮೊಮ್ಮಗಳು ಇಟ್ಟ ಹೆಸರು ಬೇರೆ. ಇಂಗ್ಲಿಷಿನದು, ನನ್ನ ನಾಲಿಗೆಗೆ ಹೊರಳುವುದಿಲ್ಲ. ನಾನು ಬೆಪ್ಪ ಅಂದೆ. ಎರಡು ವರ್ಷದಲ್ಲಿ ಮನೆಯವರೆಲ್ಲ ಬೆಪ್ಪ ಅಂದರು. ಅವನೂ ಒಪ್ಪಿದ.

ಮರಿಯಾಗಿದ್ದಾಗ ಮಂಚದಡಿ, ಕಪಾಟಿನ ಸಂದಿ, ಎಲ್ಲೆಂದರಲ್ಲಿ ಸೇರಿಕೊಳ್ಳುತ್ತಿದ್ದ. ನನಗೆ ಬಗ್ಗಲಾಗದು. ಮಗಳಿಗೆ ಕಲಿಸಿದ್ದನ್ನೇ ಇವನಿಗೂ ಕಲಿಸಿದೆ. ಕರೆದರೆ ಓ ಅನ್ನಬೇಕು. ಎಲ್ಲರೂ ಹೊರಗೆ ಹೋದ ಮೇಲೆ ಬಿಸ್ಕತ್ತು ಹಿಡಿದು ಕೂರುತ್ತಿದ್ದೆ. ಬೆಪ್ಪಾ — ಬೌ — ಒಂದು ಚೂರು. ಮಗಳು ಕಲಿಯಲು ವರ್ಷ ತೆಗೆದುಕೊಂಡಿದ್ದಳು, ಇವನು ಹತ್ತು ದಿನ. ಆಮೇಲೆ ಬಿಸ್ಕತ್ತೂ ಬೇಡವಾಯಿತು. ಮೊದಲು ಓ, ಆಮೇಲೆ ಕಾಲು. ಎಲ್ಲಿದ್ದರೂ ಓ ಎಂದೇ ಎದ್ದು ಬರುತ್ತಾನೆ.

ಹಗಲೆಲ್ಲ ಕರೆಯುತ್ತಿರುತ್ತೇನೆ. ಕೆಲಸ ಇರಬೇಕೆಂದಿಲ್ಲ. ಬೆಪ್ಪಾ, ಗಂಟೆ ಎಷ್ಟೋ. ಬೌ. ಬೆಪ್ಪಾ, ನನ್ನ ಕನ್ನಡಕ ಕಂಡೆಯೇನೋ. ಬೌ. ಈ ಮನೆಯಲ್ಲಿ ನಾನು ಕರೆದರೆ ಮೊದಲ ಸಲಕ್ಕೇ ಓಗೊಡುವವನು ಅವನೊಬ್ಬ. ಮಗಳಿಗೆ ಎರಡೂ ಕಿವಿಯಲ್ಲಿ ಫೋನಿನ ಬಿರಡೆ. ಮೊಮ್ಮಗಳದು ಒಂದ್ನಿಮಿಷ ಅಜ್ಜಿ — ಆ ನಿಮಿಷ ಇನ್ನೂ ಮುಗಿದಿಲ್ಲ. ಅಳಿಯ ಲಿಫ್ಟ್ ರಿಪೇರಿಯವರು, ಬಟನ್ ಇಲ್ಲದ ಯಾವುದಕ್ಕೂ ಅವರ ಗಮನ ಇಲ್ಲ.

ಖುಷಿಗೆ ಬೊಗಳುತ್ತಾನೆ ಎಂದುಕೊಂಡಿದ್ದಾರೆ ಎಲ್ಲರೂ. ನಾನು ಕಲಿಸಿದ್ದೆಂದು ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ಹೋದ ವರ್ಷ ನಲ್ಲಿ ತೆರೆದಿಟ್ಟು ಮಲಗಿದೆ. ನೀರು ಇದೇ ಡ್ರೈವರಿನ ಹಾಸಿಗೆಯ ಮೇಲೆ ಸುರಿಯಿತು. ಮಾಲೀಕರು ಆಗಲೇ ಒಂದು ಸಲ ಎಚ್ಚರಿಕೆ ಕೊಟ್ಟಿದ್ದಾರೆ. ಅಂದು ಅಳಿಯ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ವಾಸಿಯಿತ್ತು.

ಜೂನ್ 5, ಬುಧವಾರ

ಮಾಲೀಕರ ಕಾಗದ ಬಂತು. ತಿಂಗಳ ಕೊನೆಯೊಳಗೆ ಸದ್ದು ನಿಲ್ಲಬೇಕು. ಇಲ್ಲದಿದ್ದರೆ ನಾಯಿಯನ್ನು ಬಿಡಿ, ಇಲ್ಲ ಮನೆ ಬಿಡಿ. ಮೊಮ್ಮಗಳು ಓದಿ ಬೆಪ್ಪನ ಕುತ್ತಿಗೆ ತಬ್ಬಿ ಕೂತಳು. ಹತ್ತು ವರ್ಷದ ಹುಡುಗಿ, ಅತ್ತರೆ ಸದ್ದೇ ಬರುವುದಿಲ್ಲ.

ಸಂಜೆ ಅಳಿಯ ಒಂದು ಡಬ್ಬಿ ತಂದರು. ಕಪ್ಪು ಪಟ್ಟಿ. ಅದಕ್ಕೆ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ. ಒಳಮೈಗೆ ಎರಡು ಮೊಂಡು ಮೊಳೆ. ಬಾರ್ಕ್ ಕಾಲರ್ ಅಂತೆ. ಬೊಗಳಿದಾಗ ಗಂಟಲು ನಡುಗುತ್ತದಲ್ಲ, ಆಗ ಮೊಳೆ ಚುರ್ ಅನ್ನುತ್ತದೆ. ಮತ್ತೆ ಬೊಗಳಿದರೆ ಇನ್ನೂ ಜೋರಾಗಿ ಚುರ್. ಯಾರೂ ಹತ್ತಿರ ಇರಬೇಕಾಗಿಲ್ಲ, ಅದೇ ನೋಡಿಕೊಳ್ಳುತ್ತದೆ.

“ಏನೂ ಆಗಲ್ಲ ಅತ್ತೆ. ಇರುವೆ ಕಚ್ಚಿದ ಹಾಗೆ ಅಷ್ಟೆ.”

“ನಿಮ್ಮ ಗಂಟಲಿಗೆ ಕಟ್ಕೊಂಡು ಹೇಳಿ. ಆಮೇಲೆ ನಾನೂ ಒಂದು ಕಟ್ಕೊಳ್ತೀನಿ.”

“ನಿನಗೇ ಮೊದಲು ತರಬೇಕಿತ್ತು,” ಎಂದಳು ಮಗಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಜೂನ್ 6, ಗುರುವಾರ. ಮಧ್ಯಾಹ್ನ

ರಾತ್ರಿಯೇ ಅಳಿಯ ಬೆಪ್ಪನಿಗೆ ಪಟ್ಟಿ ಕಟ್ಟಿದ್ದರು. ಕರೆಯಬಾರದು ಎಂದು ಬೆಳಿಗ್ಗೆಯೇ ಗಟ್ಟಿ ಮಾಡಿಕೊಂಡಿದ್ದೆ. ಎಂಟೂವರೆಗೆ ಬಾಯಿ ತಾನಾಗಿ ತೆರೆಯಿತು. ಬೆಪ್ಪಾ.

ಬೌ ಅಂದ. ಅಂದವನೇ ನೆಗೆದು ಹಿಂದೆ ತಿರುಗಿ ನೋಡಿದ, ಯಾರು ಕಚ್ಚಿದರೆಂದು. ಹಿಂದೆ ಯಾರೂ ಇಲ್ಲ. ಎದುರಿಗೆ ನಾನು.

ಅರ್ಧ ಗಂಟೆ ಬಿಟ್ಟು ಮತ್ತೆ ಕರೆದೆ. ಬೇಕೆಂದಲ್ಲ. ಎರಡು ವರ್ಷದ ಚಾಳಿ, ಉಗುಳು ನುಂಗಿದ ಹಾಗೆ ಬರುತ್ತದೆ. ಊಟದ ಹೊತ್ತಿಗೆ ಒಂಬತ್ತು ಸಲ ಆಗಿತ್ತು. ಒಂಬತ್ತನೆಯ ಸಲ ಬಾಯಿ ತೆರೆದ, ಗಾಳಿ ಬಿಟ್ಟ, ಮುಚ್ಚಿದ. ಬರಲಿಲ್ಲ. ಓ ಅನ್ನದೆ ಹೇಗೆ ಬರುವುದೆಂದು ಅವನಿಗೆ ಗೊತ್ತಿಲ್ಲ.

ಜೂನ್ 8, ಶನಿವಾರ

ಡ್ರೈವರ್ ಮೇಲೆ ಬಂದಿದ್ದ. ಮುಖ ತೊಳೆದು, ಅಂಗಿ ಹಾಕಿಕೊಂಡು. ಆರು ಗಂಟೆ ನಿದ್ದೆ ಮಾಡಿದೆನಮ್ಮಾ ಎಂದ. ಹಾಗೆ ಹೇಳುವಾಗ ಕಣ್ಣಲ್ಲಿ ನೀರು ಬಂದಿತ್ತು. ಸುಳ್ಳಲ್ಲ. ಪಾಪದವನು. ಅವನ ಮೇಲೆ ಸಿಟ್ಟಾಗೋಣವೆಂದರೂ ಆಗದು.

ಸಂಜೆ ಇನ್ನೊಂದು ಎಡವಟ್ಟು. ಮಗಳು ಕೆಲಸದಿಂದ ಬಂದು ಬಾಗಿಲು ತೆರೆದಳು, ಬೆಪ್ಪ ನುಸುಳಿ ಮೆಟ್ಟಿಲಿಳಿದ. ಅವಳು ಮೇಲಿನಿಂದ ಕರೆದಳು, ಮೊಮ್ಮಗಳು ಕರೆದಳು. ಮೊದಲಾದರೆ ಒಂದು ಕೂಗಿಗೆ ಬರುತ್ತಿದ್ದವನು. ಗೇಟಿನ ಹತ್ತಿರ ವಾಚ್‌ಮನ್ ಹಿಡಿದುಕೊಂಡು ಬಂದ. ಮಾಲೀಕರ ಹೆಂಡತಿ ಕಿಟಕಿಯಲ್ಲಿ ನಿಂತಿದ್ದರಂತೆ.

ಬೊಗಳುವುದು ನಿಂತಿತು, ಈಗ ಮಾತು ಕೇಳುವುದೂ ನಿಂತಿತಲ್ಲ, ಎಂದರು ಅಳಿಯ. ಟ್ರೇನರ್ ಕರೆಸುತ್ತಾರಂತೆ.

ಜೂನ್ 11, ಮಂಗಳವಾರ

ಟ್ರೇನರ್ ಎಂದರೆ ಮೀಸೆಯವನು ಬರುತ್ತಾನೆ ಎಂದುಕೊಂಡಿದ್ದೆ. ಬಂದದ್ದು ಹೆಂಗಸು. ನಲವತ್ತರ ಮೇಲೆ, ಪ್ಯಾಂಟಿನ ಮಂಡಿಗೆಲ್ಲ ನಾಯಿಕೂದಲು. ನಾನು ಟೀಚರಮ್ಮ ಎಂದೆ, ಬೇಡವೆನ್ನಲಿಲ್ಲ. ಮಾತು ಕಡಿಮೆ, ನೋಡುವುದು ಜಾಸ್ತಿ.

ಅವಳದು ಇನ್ನೊಂದು ಪಟ್ಟಿ. ಇದು ಬೊಗಳಿದ್ದಕ್ಕಲ್ಲ. ಇದರ ರಿಮೋಟ್ ನಮ್ಮ ಕೈಯಲ್ಲಿ. ಬಾ ಎಂದು ಕರೆದು ಬಟನ್ ಒತ್ತಬೇಕು, ನಮ್ಮ ಕಡೆ ಒಂದು ಹೆಜ್ಜೆ ಇಟ್ಟ ತಕ್ಷಣ ಬಿಡಬೇಕು. ನಂಬರ್ ಎಂಟು. ನನ್ನ ಅಂಗೈಗೆ ಇಟ್ಟು ತೋರಿಸಿದಳು — ಜುಮ್ ಎಂದಿತು, ನೋವೇನಿಲ್ಲ. ಕಾಲಿಟ್ಟರೆ ಜುಮ್ ನಿಲ್ಲುತ್ತದೆ, ಅಷ್ಟೇ ಪಾಠ.

ಆಮೇಲೆ ಖಂಡಿತವಾಗಿ ಹೇಳಿದಳು. “ಎರಡೂ ಒಟ್ಟಿಗೆ ಕಟ್ಟಬೇಡಿ. ಒಂದು ಬಾಯಿಗೆ ಶಿಕ್ಷೆ, ಒಂದು ಕಾಲಿಗೆ ಪಾಠ. ಯಾವುದು ಯಾಕೆ ಚುಚ್ಚಿತು ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು?”

ಅಳಿಯ ತಲೆಯಾಡಿಸಿದರು.

ನನ್ನ ಕಡೆ ತಿರುಗಿದಳು. ಹಗಲು ಇವನ ಜೊತೆ ಇರುವವರು ನೀವೇ ಅಲ್ಲವೇ ಅಜ್ಜಿ, ಮುಂಚೆ ಏನಾದರೂ ಕಲಿಸಿದ್ದೀರಾ, ಕರೆದರೆ ಏನು ಮಾಡುತ್ತಿದ್ದ? ಮಗಳು ನಿಂತಿದ್ದಳು. ಅಳಿಯ ನಿಂತಿದ್ದರು. ಮೇಜಿನ ಮೇಲೆ ಮಾಲೀಕರ ಕಾಗದ.

ಏನೂ ಕಲಿಸಿಲ್ಲ, ಎಂದೆ. ಸುಮ್ಮನೆ ಬರುತ್ತಿದ್ದ.

ಅವಳು ಹೋದ ಮೇಲೆ ಅಳಿಯ ಬಾರ್ಕ್ ಕಾಲರನ್ನೂ ತಿರುಗಿ ಕಟ್ಟಿದರು. ಪಾಠ ಮಾಡಿಸುವಾಗ ಬೊಗಳಿಬಿಟ್ಟರೆ? ಡ್ರೈವರ್ ಎದ್ದರೆ? ತಿಂಗಳು ಮುಗಿಯಲು ಇನ್ನು ಹತ್ತೊಂಬತ್ತೇ ದಿನ. ಟೀಚರಮ್ಮ ಬರುವ ಹೊತ್ತಿಗೆ ಮಾತ್ರ ಬಿಚ್ಚಿಡಿ ಅತ್ತೆ, ಎಂದರು. ದಿನಕ್ಕೆ ಎರಡು ಸಲ, ಸಲಕ್ಕೆ ಹತ್ತು ಬಾರಿ ಪಾಠ. ಮಾಡಿಸಬೇಕಾದವಳು ನಾನು, ಹಗಲಲ್ಲಿ ಇರುವವಳು ನಾನೇ ತಾನೆ. ಫ್ರಿಜ್ಜಿನ ಬಾಗಿಲಿಗೆ ಚೌಕದ ಹಾಳೆ ಅಂಟಿಸಿದ್ದಾರೆ, ಸರಿಯಾಗಿ ಬಂದರೆ ಒಂದು ಟಿಕ್. ರಿಮೋಟಿಗೆ ದಾರ ಕಟ್ಟಿ ನನ್ನ ಕೊರಳಿಗೆ ಹಾಕಿದರು.

ಅವನ ಕೊರಳಿಗೆ ಎರಡು, ನನ್ನ ಕೊರಳಿಗೆ ಒಂದು.

ಜೂನ್ 12, ಬುಧವಾರ. ಬೆಳಿಗ್ಗೆ 11

ಮಾಡಿಸಿದೆ. ಅವನನ್ನು ಬಾಗಿಲ ಹತ್ತಿರ ಕೂರಿಸಿ ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತೆ. ಬೆಪ್ಪಾ, ಬಾ. ಒತ್ತಿದೆ.

ಜುಮ್ ಎಂದ ಕೂಡಲೇ ಕಿವಿ ನಿಮಿರಿತು. ಮೊದಲು ಓ ಅನ್ನಬೇಕಲ್ಲ, ಬೌ ಅಂದ. ಗಂಟಲ ಪಟ್ಟಿ ಚುರ್ ಎಂದಿತು. ಕುಸಿದು ಕೂತ. ಕೂತವನು ಬರಲಿಲ್ಲ, ಬರಲಿಲ್ಲವೆಂದು ನಾನು ಒತ್ತಿಕೊಂಡೇ ಇದ್ದೆ — ಹಾಗೇ ಹೇಳಿಕೊಟ್ಟಿದ್ದಳು. ಕುಂಯ್ ಎಂದ. ಆ ಪಟ್ಟಿಗೆ ಬೊಗಳುವುದೂ ಒಂದೇ, ನರಳುವುದೂ ಒಂದೇ. ಮತ್ತೆ ಚುರ್. ಮೊದಲಿನದಕ್ಕಿಂತ ಜೋರಾಗಿ ಇರಬೇಕು, ತಲೆಯನ್ನು ನೆಲಕ್ಕೆ ಹೊಡೆದುಕೊಂಡ.

ಓ ಅಂದರೆ ಒಂದು ಪಟ್ಟಿ. ಬರದಿದ್ದರೆ ಇನ್ನೊಂದು. ನೋವಾಯಿತೆಂದರೆ ತಿರುಗಿ ಮೊದಲಿನದು. ಎಲ್ಲದರ ಮುಂದೆಯೂ ನನ್ನ ಧ್ವನಿ.

ನಾಲ್ಕು ಸಲಕ್ಕೆ ನಿಲ್ಲಿಸಿದೆ. ಬಾರ್ಕ್ ಕಾಲರ್ ಬಿಚ್ಚಿ ಕರೆಯೋಣವೆಂದು ಕೊಕ್ಕೆಗೆ ಕೈ ಹಾಕಿದೆ. ಕೆಳಗೆ ಡ್ರೈವರಿನ ಗೊರಕೆ, ಕಿಟಕಿಯಲ್ಲಿ ಕೇಳುತ್ತದೆ. ಅಂದು ಅವನ ಗಾಡಿಯಲ್ಲಿ ಮಲಗಿದ್ದ ಆ ಹೆಂಗಸಿನ ನೆನಪಾಯಿತು. ಕೈ ತೆಗೆದೆ.

ಇಂದು ಸಂಜೆ ಎಲ್ಲರೂ ಬಂದ ಮೇಲೆ ಹೇಳಿಬಿಡುತ್ತೇನೆ.

ಜೂನ್ 14, ಶುಕ್ರವಾರ

ಹೇಳಲಿಲ್ಲ.

ಪಾಠ ಬಿಟ್ಟಿದ್ದೇನೆ. ಟಿಕ್ ಮಾತ್ರ ಹಾಕುತ್ತೇನೆ. ಬೆಳಿಗ್ಗೆ ಹತ್ತು, ಮಧ್ಯಾಹ್ನ ಹತ್ತು. ಒಂದೆರಡು ಚೌಕ ಖಾಲಿ ಬಿಡುತ್ತೇನೆ, ನಂಬಲಿ ಎಂದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿದರು, ಅಷ್ಟೂ ವರ್ಷ ಸೇರಿಸಿದರೂ ನನ್ನ ಸ್ಲೇಟಿಗೆ ಇಷ್ಟು ಸರಿ ಬಿದ್ದಿರಲಿಲ್ಲ. ಸಂಜೆ ಅಳಿಯ ಹಾಳೆ ನೋಡಿದರು. “ಅತ್ತೆ, ಭಲೇ,” ಎಂದರು. ಮಗಳ ಮದುವೆಯಾಗಿ ಹದಿಮೂರು ವರ್ಷ, ಮೊದಲನೆಯ ಭಲೇ.

ಬಾಯಿ ಹೊಲಿದುಕೊಂಡು ಕೂರುತ್ತೇನೆ. ಬೆಪ್ಪನ ಬಿಸ್ಕತ್ತನ್ನು ನಾನೇ ಅವನಿದ್ದಲ್ಲಿಗೆ ಒಯ್ದು ಇಡುತ್ತೇನೆ. ತಿನ್ನುತ್ತಾನೆ, ನಾನು ಎದ್ದು ಹೋದ ಮೇಲೆ.

ಜೂನ್ 18, ಮಂಗಳವಾರ

ಟೀಚರಮ್ಮ ಬಂದಳು. ಅವಳು ಬೆಲ್ ಒತ್ತುವ ಮುಂಚೆ ಬಾರ್ಕ್ ಕಾಲರ್ ಬಿಚ್ಚಿ ಕಪಾಟಿನಲ್ಲಿಟ್ಟೆ. ಹಾಳೆ ನೋಡಿ ಹುಬ್ಬು ಏರಿಸಿದಳು. ಸರಿ, ತೋರಿಸಿ, ಎಂದು ತಾನೇ ಕರೆದಳು. ಬರಲಿಲ್ಲ. ಎಂಟರಿಂದ ಹತ್ತು. ಹತ್ತರಿಂದ ಹದಿನಾಲ್ಕು. ಇಷ್ಟು ಟಿಕ್ ಬಿದ್ದ ನಾಯಿ, ಗೊತ್ತಿದ್ದೂ ಹಟ ಮಾಡುತ್ತಿದೆ ಎಂದು ಇಪ್ಪತ್ತಕ್ಕೆ ಏರಿಸಿದಳು. ಇಪ್ಪತ್ತಕ್ಕೆ ನೆಲದ ಮೇಲೆ ತೆವಳಿಕೊಂಡು ಬಂದ.

ಅವಳಿಗೆ ಅದು ಹಿಡಿಸಲಿಲ್ಲ. ಪಟ್ಟಿ ಬಿಚ್ಚಿ ಕೂದಲು ಸರಿಸಿದಳು. ನಾಲ್ಕು ಕೆಂಪು ಗುಳಿ. ಎರಡು ಅವಳ ಪಟ್ಟಿಯವು. ಇನ್ನೆರಡು ಮೇಲ್ಗಡೆ, ಹಸಿಯಾಗಿವೆ.

“ಎರಡೂ ಕಟ್ತಿದ್ದೀರಾ?”

ಇಲ್ಲಮ್ಮ, ಕೆರೆದುಕೊಂಡಿದ್ದಾನೆ, ಎಂದೆ.

ಆ ಎರಡು ಗುಳಿಯನ್ನು ಇನ್ನೊಂದು ಸಲ ಬೆರಳಿನಿಂದ ಮುಟ್ಟಿ ನೋಡಿದಳು. ಮುಲಾಮು ಕೊಟ್ಟಳು. ವಾಸಿಯಾಗುವವರೆಗೆ ಯಾವುದೂ ಕಟ್ಟಬೇಡಿ, ಪಾಠವೂ ಬೇಡ ಎಂದಳು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡವಳು ನಿಂತಳು.

“ಅಜ್ಜಿ, ಕರೆದಾಗ ಇವನು ಬಾಯಿ ತೆಗೀತಾನೆ, ಮುಚ್ತಾನೆ. ಏನೋ ಮಾಡೋಕೆ ಹೋಗಿ ಬಿಟ್ಟುಬಿಡ್ತಾನೆ. ಏನದು?”

ಕೇಳಿದ್ದು ಸರಿಯಾದ್ದನ್ನೇ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೇಳಬಹುದಿತ್ತು.

ಆಕಳಿಕೆ, ಎಂದೆ.

ಸಂಜೆ ಅಳಿಯನಿಗೆ ಗಾಯ ತೋರಿಸಿದೆ. ಅಯ್ಯೋ ಎಂದರು, ನಿಜವಾಗಿಯೂ ನೊಂದುಕೊಂಡೇ. ಮುಲಾಮು ಹಚ್ಚಿದರು. ಆಮೇಲೆ ಪಟ್ಟಿಗಳನ್ನು ತಿರುಗಿಸಿ, ಮೊಳೆ ಕುತ್ತಿಗೆಯ ಇನ್ನೊಂದು ಪಕ್ಕಕ್ಕೆ ಬರುವ ಹಾಗೆ ಕಟ್ಟಿದರು.

ಜೂನ್ 21, ಶುಕ್ರವಾರ. ಮಧ್ಯಾಹ್ನ

ಮಾಲೀಕರು ಬಂದಿದ್ದರು, ಹೇಳದೆ ಕೇಳದೆ. ಎರಡು ಸಲ ಬೆಲ್ ಒತ್ತಿದರು. ಒಳಗೆ ಬಂದು ಸುತ್ತ ನೋಡಿದರು. “ನಾಯಿ ಇದೆಯೋ, ಕಳಿಸಿಬಿಟ್ರೋ?” ಎಂದು ಕೇಳಿದರು.

ಮಂಚದಡಿ ತೋರಿಸಿದೆ. ಬಗ್ಗಿ ನೋಡಿ ಮೆಚ್ಚಿಕೊಂಡರು. ಇಂಥ ನಾಯಿಯಾದರೆ ನಾಲ್ಕು ಸಾಕಿಕೊಳ್ಳಿ, ಹೀಗೇ ಇರಲಿ, ಎಂದು ಹೋದರು. ಫೋನಿನಲ್ಲಿ ಮಗಳಿಗೆ ಹೇಳಿದೆ. ತಾನು ಕೆಲಸ ಮಾಡುವ ಕ್ಲಿನಿಕ್ಕಿನಲ್ಲಿ ಎಲ್ಲರೆದುರೇ ಕೂಗಿಕೊಂಡಳಂತೆ ಖುಷಿಗೆ. ನಾಯಿ ಉಳಿಯಿತು, ಮನೆ ಉಳಿಯಿತು.

ನಾನು ಫೋನಿನಲ್ಲಿ ಸ್ವಲ್ಪ ಗಟ್ಟಿಯಾಗಿ ಮಾತಾಡಿದ್ದೆ, ಅಷ್ಟೆ. ಇಟ್ಟು ನೋಡಿದರೆ ಮಂಚದಡಿಯಿಂದ ಉಚ್ಚೆ ಹರಿದು ಬರುತ್ತಿದೆ.

ಮೊಮ್ಮಗಳು ಶಾಲೆಯಿಂದ ಬಂದು ಒರೆಸಿದಳು. ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡು.

“ಅಜ್ಜಿ, ನೀನು ಮಾತಾಡಿದ್ರೆ ಅವನು ಹೆದರ್ತಾನೆ. ಬೇರೆ ಯಾರು ಮಾತಾಡಿದ್ರೂ ಹಾಗಾಗಲ್ಲ. ನೀನು ಅವನಿಗೆ ಏನು ಮಾಡ್ದೆ?”

ಭಾನುವಾರ ಎಲ್ಲರೂ ಮನೆಯಲ್ಲಿರುತ್ತಾರೆ. ಹೇಳುತ್ತೇನೆ. ಈ ಸಲ ತಪ್ಪಿಸುವುದಿಲ್ಲ.

ಜೂನ್ 23, ಭಾನುವಾರ. ಸಂಜೆ 6

ತಿಂಡಿಯಾದ ಮೇಲೆ ಹೇಳೋಣವೆಂದಿದ್ದೆ. ಸ್ನಾನದ ಮನೆಯಿಂದ ಬರುವಷ್ಟರಲ್ಲಿ ಅಳಿಯ, ಮೊಮ್ಮಗಳು, ಬೆಪ್ಪ ಮೈದಾನಕ್ಕೆ ಹೋಗಿಯಾಗಿತ್ತು. ನಾನು ಬಿಚ್ಚಿಟ್ಟಿದ್ದ ರಿಮೋಟೂ ಇರಲಿಲ್ಲ. ಫ್ರಿಜ್ಜಿನ ಹಾಳೆ ತುಂಬಿದೆಯಲ್ಲ. ಬಾ ಅಂದರೆ ಬರುವ ನಾಯಿ. ಹಗ್ಗ ಬಿಚ್ಚಿ ಓಡಾಡಿಸೋಣ ಎಂದಿದ್ದರಂತೆ, ಮಗುವಿಗೆ ಖುಷಿಯಾಗಲಿ ಎಂದು.

ಮೊಮ್ಮಗಳು ಹೇಳಿದ್ದು. ಬಿಚ್ಚಿದರು. ಮೊದಲು ಓಡಲೇ ಇಲ್ಲ, ನಿಂತಿದ್ದ. ಆಮೇಲೆ ಹುಲ್ಲು ಮೂಸುತ್ತ ದೂರ ಹೋದ, ಬಾಲ ಸ್ವಲ್ಪ ಎದ್ದಿತ್ತಂತೆ. ಎಷ್ಟೋ ದಿನದ ಮೇಲೆ. ಅಪ್ಪ ಕರೆದರು. ಬೆಪ್ಪ ಅಲ್ಲೇ ಕೂತುಬಿಟ್ಟ. ಅಪ್ಪ ಒತ್ತಿದರು. ಅವನು ಕಿರುಚಿದ. ಕಿರುಚಿದ್ದಕ್ಕೆ ಇನ್ನೊಂದು ಪಟ್ಟಿ. ಓಡಿದ. ನಿಲ್ಲಲಿ ಎಂದು ಅಪ್ಪ ನಂಬರ್ ಏರಿಸಿ ಒತ್ತಿದರು. ಅವನು ಇನ್ನೂ ಓಡಿದ.

“ಅಪ್ಪ ಒತ್ತುತ್ತಾನೇ ಇದ್ರು ಅಜ್ಜಿ. ರಸ್ತೆ ದಾಟಿದ ಮೇಲೂ ಒತ್ತುತ್ತಿದ್ರು.”

ಬಸ್ಸಿನ ಮುಂದೆಯೇ ದಾಟಿದನಂತೆ. ಆಚೆ ಗೋಡೌನುಗಳ ಸಾಲು. ಅದರೊಳಗೆ ಹೋದವನು ಹೋದ.

ಅಳಿಯ ಇನ್ನೂ ಬಂದಿಲ್ಲ, ಹುಡುಕುತ್ತಿದ್ದಾರೆ. ಮಗಳೂ ಹೋದಳು. ಇಲ್ಲಿಯವರೆಗೂ ಕೇಳುತ್ತದೆ ಅವರು ಕೂಗುವುದು.

ಜೂನ್ 24, ಸೋಮವಾರ. ಬೆಳಿಗ್ಗೆ 10

ಡ್ರೈವರ್ ಪಾಳಿ ಮುಗಿಸಿ ಬರುತ್ತ ಬೆಪ್ಪನನ್ನು ಕಂಡನಂತೆ. ಸೇತುವೆ ಪಕ್ಕದ ಟೈರ್ ಅಂಗಡಿ ಹತ್ತಿರ, ಚರಂಡಿ ನೀರು ಕುಡಿಯುತ್ತಿದ್ದ. ಗಾಡಿ ನಿಲ್ಲಿಸಿ ಪ್ರೀತಿಯಿಂದಲೇ ಕರೆದನಂತೆ, ಬೆಪ್ಪಾ ಎಂದು. ಗುಂಡು ಬಿದ್ದ ಹಾಗೆ ಹಾರಿ ಓಡಿದ.

ಮಗಳು, ಅಳಿಯ ರಜೆ ಹಾಕಿದ್ದಾರೆ. ಟೀಚರಮ್ಮನಿಗೂ ಹೇಳಿಕಳಿಸಿದ್ದರು, ಬಂದಿದ್ದಳು. ಎಲ್ಲರೂ ನಮ್ಮ ನಡುಮನೆಯಲ್ಲಿ ನಿಂತು ಯಾರು ಯಾವ ಬೀದಿಯಲ್ಲಿ ಕರೆಯುವುದೆಂದು ಹಂಚಿಕೊಳ್ಳುತ್ತಿದ್ದರು. ಎದ್ದು ನಿಂತೆ.

“ಯಾರೂ ಕರೀಬೇಡಿ,” ಎಂದೆ. “ಕರೆದರೆ ಓ ಅನ್ನೋದನ್ನ ನಾನು ಅವನಿಗೆ ಕಲಿಸಿದ್ದೆ. ಓ ಅಂದರೆ ಆ ಪಟ್ಟಿ ಸುಡತ್ತೆ. ಅನ್ನದೆ ಬರೋದು ಅವನಿಗೆ ಗೊತ್ತಿಲ್ಲ.”

ಎಲ್ಲ ಹೇಳಿದೆ. ಬಿಸ್ಕತ್ತು, ಹತ್ತು ದಿನ, ಗಂಟೆಗೆ ಹತ್ತು ಸಲ. ಎರಡೂ ಪಟ್ಟಿ ಕಟ್ಟಿಯೇ ಇದ್ದೆವೆಂದು. ಟಿಕ್ಕುಗಳೆಲ್ಲ ಸುಳ್ಳೆಂದು. ಡ್ರೈವರ್ ಬಾಗಿಲಲ್ಲಿ ನಿಂತಿದ್ದ, ಅವನಿಗೂ ಕೇಳಿಸಿತು.

ಬೈಯುತ್ತಾರೆಂದು ಕಾದೆ. ಯಾರೂ ಬೈಯಲಿಲ್ಲ. ಅಳಿಯ ಫ್ರಿಜ್ಜಿನ ಹಾಳೆ ಕಿತ್ತು, ಮಡಿಸಿ, ಜೇಬಿನಲ್ಲಿಟ್ಟುಕೊಂಡರು. ಕೈ ಅಷ್ಟು ನಿಧಾನ. ರಿಮೋಟ್ ಒತ್ತಿದ ಕೈ ಅದು, ಆ ನೆನಪು ಅವರಿಗೂ ಇದ್ದೀತು. ಮಗಳು ಮಾತ್ರ ಒಂದು ಮಾತು ಕೇಳಿದಳು.

“ನಾವು ಅಷ್ಟು ಕೆಟ್ಟವರಾ ಅಮ್ಮ? ಹೇಳೋಕೂ ಆಗದಷ್ಟು?”

ಬೆಪ್ಪನ ಬಿಸ್ಕತ್ತಿನ ಡಬ್ಬಿ ತಂದು ಅವಳ ಕೈಗೆ ಕೊಟ್ಟೆ.

ಜೂನ್ 28, ಶುಕ್ರವಾರ

ಟೀಚರಮ್ಮ ಟೈರ್ ಅಂಗಡಿ ಹಿಂದೆ ಬೋನು ಇಟ್ಟಿದ್ದಾಳೆ, ಒಳಗೆ ಮಾಂಸ. ಎರಡು ಬೆಕ್ಕು ಬಿದ್ದವು. ಒಂದು ಎರಡು ಸಲ ಬಿತ್ತು, ಅದಕ್ಕೆ ರುಚಿ ಹತ್ತಿದೆ.

ಟೈರಿನವನು ಬೆಳಗಿನ ಹೊತ್ತು ಬೆಪ್ಪನನ್ನು ಕಾಣುತ್ತಾನೆ. ಹಳೆ ಟೈರಿನ ರಾಶಿಯೊಳಗೆ ಇದ್ದಾನಂತೆ. ಯಾರಾದರೂ ಬಾಯಿ ತೆರೆದರೆ ಮಾಯ. ಕುತ್ತಿಗೆ ವಾಸನೆ ಬರುತ್ತಿದೆ ಎಂದ.

ಪಟ್ಟಿಗಳು ಎಷ್ಟು ದಿನ ನಡೆಯುತ್ತವೆ ಎಂದು ಟೀಚರಮ್ಮನನ್ನು ಕೇಳಿದೆ. ಭಾನುವಾರ ಬೆಳಿಗ್ಗೆಯಷ್ಟೇ ಅಳಿಯ ಎರಡನ್ನೂ ಪೂರ್ತಿ ಚಾರ್ಜ್ ಮಾಡಿದ್ದರು. ರಿಮೋಟಿನದು ಈಗಾಗಲೇ ಸತ್ತಿದೆ ಎಂದಳು. ಬಾರ್ಕ್ ಕಾಲರಿನದು ಎರಡು ವಾರ. ನೆಲ ನೋಡುತ್ತ ಉಳಿದದ್ದನ್ನೂ ಹೇಳಿದಳು, ಬೊಗಳದೆ ಇದ್ದರೆ ಬ್ಯಾಟರಿ ಖರ್ಚಾಗುವುದಿಲ್ಲ, ಇನ್ನೂ ಹೆಚ್ಚು ದಿನ ಬರುತ್ತದೆ.

ಅವನು ಎಷ್ಟು ಜಾಣನಾಗಿ ಸುಮ್ಮನಿರುತ್ತಾನೋ ಅಷ್ಟು ದಿನ ಅದು ಬದುಕಿರುತ್ತದೆ.

ಜುಲೈ 3, ಬುಧವಾರ. ಬೆಳಿಗ್ಗೆ 10

ಐದು ದಿನದಿಂದ ಡ್ರೈವರ್ ತನ್ನ ಪಾಳಿ ಮುಗಿಸಿ ಬಂದು ನನ್ನನ್ನು ಟೈರ್ ಅಂಗಡಿಗೆ ಕರೆದೊಯ್ಯುತ್ತಾನೆ. ಮಲಗು ಹೋಗಪ್ಪ ಎಂದರೂ ಹೋಗುವುದಿಲ್ಲ, ಗಾಡಿಯಲ್ಲೇ ತೂಕಡಿಸುತ್ತಾನೆ. ನಾನು ಬೆಂಚಿನ ಮೇಲೆ ಬಾಯಿಗೆ ಕರವಸ್ತ್ರ ಇಟ್ಟುಕೊಂಡು ಕೂರುತ್ತೇನೆ. ಕೆಮ್ಮು ಬಂದರೂ ನುಂಗುತ್ತೇನೆ.

ಇವತ್ತು ಬಂದ. ಟೈರುಗಳ ನಡುವಿನಿಂದ ಮೊದಲು ಮೂಗು, ಆಮೇಲೆ ಅವನು. ಪಕ್ಕೆಲುಬು ಎಣಿಸಬಹುದು. ಒಂದು ಪಟ್ಟಿ ಜೋತುಬಿದ್ದಿದೆ, ಇನ್ನೊಂದು ಊದಿದ ಕುತ್ತಿಗೆಯೊಳಗೆ ಹೂತಿದೆ. ಹತ್ತು ಮಾರು ದೂರದಲ್ಲಿ ನಿಂತ. ನನ್ನನ್ನೇ ನೋಡಿದ. ನಾನು ಉಸಿರೂ ಬಿಡಲಿಲ್ಲ. ಬಾಲ ಅಲ್ಲಾಡಿತು. ಎರಡು ಹೆಜ್ಜೆ ಮುಂದೆ ಬಂದ. ಇನ್ನೆರಡು.

ನಾನು ಕರೆದಿರಲಿಲ್ಲ. ದೇವರಾಣೆಗೂ ಕರೆದಿರಲಿಲ್ಲ.

ಬಾಯಿ ತೆರೆದ. ಬೇಡ ಬೇಡ ಎಂದು ಕೈ ಆಡಿಸಿದೆ. ಓ ಅಂದ. ಕರೆಯದೆಯೇ, ನನ್ನ ಮುಖ ನೋಡಿಯೇ. ಕುತ್ತಿಗೆ ಸೆಟೆಯಿತು, ಕಿರುಚಿದ, ಕಿರುಚಿದ್ದಕ್ಕೆ ಮತ್ತೆ, ಮತ್ತೆ. ಮಣ್ಣಿನಲ್ಲಿ ಹೊರಳಿ ಎದ್ದು ಹೋದ. ಟೈರಿನವನು ಅಂಗಡಿಯೊಳಗೆ ತಿರುಗಿ ನಿಂತುಬಿಟ್ಟ.

ಜುಲೈ 4, ಗುರುವಾರ. ಬೆಳಿಗ್ಗೆ 9

ಡ್ರೈವರ್ ಬಂದ. ನಾನು ಬರುವುದಿಲ್ಲ ಎಂದೆ. ನಿನ್ನೆ ಅಷ್ಟು ಹತ್ತಿರ ಬಂದನಲ್ಲಮ್ಮಾ, ಎಂದ. ಅದಕ್ಕೇ ಬರುವುದಿಲ್ಲ ಎಂದೆ. ಇಳಿದು ಹೋದ.

ಟೈರಿನವನು ಫೋನ್ ಮಾಡಿದ್ದನಂತೆ. ನಿನ್ನೆಯಿಂದ ರಾಶಿಯಿಂದ ಹೊರಗೆ ಬಂದಿಲ್ಲ. ಗಾಯದಲ್ಲಿ ಹುಳ ಆಗಿದೆ. ನಿನ್ನೆ ಸಂಜೆ ಟೀಚರಮ್ಮ ನಾಯಿ ಡಾಕ್ಟರನ್ನು ಕರೆತಂದಿದ್ದಳು, ಟೈರು ಒಂದೊಂದಾಗಿ ತೆಗೆಯಲು ಹೋದರೆ ಇನ್ನೂ ಒಳಗೆ ಸೇರುತ್ತಾನೆ, ಹಿಂದೆ ಚರಂಡಿಗೆ ದಾರಿಯಿದೆ. ಅವನು ತಾನಾಗಿ ಹೊರಗೆ ಬರುವುದು ಒಬ್ಬರಿಗೇ, ನೀನು ಹೋಗಿ ಕೂರಮ್ಮ, ಎನ್ನುತ್ತಿದ್ದಾಳೆ ಮಗಳು. ಚಪ್ಪಲಿ ತಂದು ಮುಂದೆ ಇಟ್ಟಿದ್ದಾಳೆ.

ಹೋದರೆ ಹೊರಗೆ ಬರುತ್ತಾನೆ. ಬಂದರೆ ಓ ಅನ್ನುತ್ತಾನೆ. ಆ ಕುತ್ತಿಗೆಗೆ ಇನ್ನೊಂದು ಸಲ ತಡೆಯುವ ಶಕ್ತಿ ಇದೆಯೋ ಇಲ್ಲವೋ ಡಾಕ್ಟರೂ ಹೇಳಲಿಲ್ಲ. ಹೋಗದಿದ್ದರೆ ಆ ಹುಳ ಬ್ಯಾಟರಿಗಿಂತ ಮುಂಚೆ ಅವನನ್ನು ಮುಗಿಸುತ್ತದೆ.